ಚಿತ್ರ ಕ್ರಮವಿಧಿಗೆ ಮರಳಿ ಬಂದ ಕೀಲಿಮಣೆ

ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಯ ಮೇಲೆ ಒಂದು ಊರಿದೆ. ಜನರ ಬಾಯಲ್ಲಿ ಅದು ಮನೋಳಿ, ಕಾಗದಪತ್ರಗಳಲ್ಲಿ ಮುನವಳ್ಳಿ. ಸುತ್ತಲಿನವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಆದರೆ ಹೊಸಬರೊಬ್ಬರು ಗಣಕದಲ್ಲಿ ಊರುಗಳ ಪಟ್ಟಿ ತೆರೆದು ‘ಮನೋಳಿ’ ಎಂದು ಟೈಪು ಮಾಡಿದರೆ, ಪಟ್ಟಿಯಲ್ಲಿ ‘ಮುನವಳ್ಳಿ’ ಎಂದು ಮಾತ್ರ ಇದ್ದರೆ, ಊರು ಸಿಗುವುದಿಲ್ಲ. ನಕ್ಷೆ ಹರಡಿಕೊಂಡು ನದಿಯ ಗುಂಟ ಬೆರಳಾಡಿಸಿದರೆ ಸಿಗುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಯಾವುದೇ ವಸ್ತುವನ್ನು ಹುಡುಕಲು ಹೀಗೆ ಎರಡು ದಾರಿಗಳು: ಅದು ಇರುವ ಜಾಗವನ್ನು ಕಣ್ಣಿನಿಂದ ಅರಸುವುದು ಅಥವಾ ಅದರ ಹೆಸರು ಹಿಡಿದು ಕರೆಯುವುದು.

ಗಣಕಕ್ಕೆ ಕ್ರಮವಿಧಿ (ಪ್ರೋಗ್ರಾಂ) ರಚಿಸುವ ಕೆಲಸದಲ್ಲೂ ಈ ಎರಡು ದಾರಿಗಳಿವೆ. ಸಾಮಾನ್ಯ ಕ್ರಮವಿಧಿಯನ್ನು ಅಕ್ಷರಗಳಲ್ಲಿ ಬರೆಯುತ್ತೇವೆ. ಚಿತ್ರರೂಪಿ ಕ್ರಮವಿಧಿಯಲ್ಲಿ ಬರೆಯುವ ಬದಲು ಪರದೆಯ ಮೇಲೆ ಚೌಕಗಳನ್ನು ಇಟ್ಟು, ಅವುಗಳನ್ನು ಗೆರೆಗಳಿಂದ ಜೋಡಿಸುತ್ತೇವೆ. ಇಲ್ಲವೇ ಮಕ್ಕಳ ಆಟಿಕೆಯ ಇಟ್ಟಿಗೆಗಳಂತೆ ಒಂದರ ಕೆಳಗೊಂದು ಸಿಕ್ಕಿಸುತ್ತೇವೆ. ಈ ಚೌಕಗಳನ್ನು ಇಲ್ಲಿ ಬ್ಲಾಕ್ ಎಂದು ಕರೆಯೋಣ. ‘ಇದರಲ್ಲಿ ಭಾಷೆಯ ಹಂಗಿಲ್ಲ, ಚಿತ್ರ ನೋಡಿದರೆ ಸಾಕು’ ಎಂಬ ಮಾತು ಈ ವಿಧಾನದ ಬಗ್ಗೆ ಮೊದಲಿನಿಂದಲೂ ಇದೆ.

ಈ ಮಾತು ಎಷ್ಟು ಸರಿ? ನನ್ನಲ್ಲಿ ಈ ಪ್ರಶ್ನೆ ಎಬ್ಬಿಸಿದವನು ಪ್ರಯೋಗಾಲಯದ ಒಬ್ಬ ವಿದ್ಯಾರ್ಥಿ. ಬಿಸಿನೀರು ತಣಿಯುವ ದರವನ್ನು ಅಳೆದು ನ್ಯೂಟನ್ನನ ತಂಪಾಗುವಿಕೆಯ ನಿಯಮವನ್ನು ಪರೀಕ್ಷಿಸುವುದು ಅವನ ಕೆಲಸ. ಲ್ಯಾಬ್‌ವ್ಯೂ ಎಂಬ ಚಿತ್ರರೂಪಿ ತಂತ್ರಾಂಶದಲ್ಲಿ ಕ್ರಮವಿಧಿ ರಚಿಸುತ್ತಿದ್ದ. ಪ್ರತಿ 10 ಸೆಕೆಂಡಿಗೊಮ್ಮೆ ತಾಪವನ್ನು ಓದಬೇಕು, ಎಂದರೆ ನಡುವೆ ಗಣಕ ‘ಕಾಯಬೇಕು’. ಆ ಬ್ಲಾಕ್ ಎಲ್ಲಿದೆ? ಕಾಲಕ್ಕೆ ಸಂಬಂಧಿಸಿದ ಒಳಪಟ್ಟಿಯೊಂದರಲ್ಲಿ ಕೈಗಡಿಯಾರದ ಚಿತ್ರವಾಗಿ ಅದು ಕುಳಿತಿದೆ. ಅವನು ಆ ಚಿತ್ರವನ್ನು ನೋಡಿದ್ದ, ಆದರೆ ಅದು ಈಗ ಎಷ್ಟು ಗಂಟೆಯಾಯಿತೆಂದು ತೋರಿಸುವ ಬ್ಲಾಕ್ ಎಂದು ತಿಳಿದು ಬಿಟ್ಟುಬಿಟ್ಟಿದ್ದ. ನಾನು ಎರಡು ಕೀಲಿ ಒತ್ತಿ, ‘ಕಾಯು’ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದದ ನಾಲ್ಕು ಅಕ್ಷರ ಟೈಪು ಮಾಡಿದೆ. ಬ್ಲಾಕ್ ಎದುರಿಗೆ ಬಂತು. ಅವನು ನೋಡಿ, ‘ಸರ್, ಹೆಸರ ಗೊತ್ತಿದ್ದವರಿಗೆ ಸಿಗತೈತಿ. ಗೊತ್ತಿಲ್ಲದವರು ಏನ ಮಾಡಬೇಕರಿ?’ ಎಂದ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅರವತ್ತು ವರ್ಷಗಳ ಇತಿಹಾಸವನ್ನು ತಿರುವಿ ನೋಡಬೇಕಾಗುತ್ತದೆ.

ಎರಡೂ ಕೈಗಳಿಗೆ ಕೆಲಸವಿದ್ದ ಕಾಲ

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲ್ಯಾಂಡ್ ಎಂಬ ಸಂಶೋಧಕ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶವನ್ನು ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಮಂಡಿಸಿದ. ಟಿಎಕ್ಸ್-2 ಎಂಬ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ, ವೃತ್ತಗಳನ್ನು ಎಳೆಯಬಹುದಾಗಿತ್ತು. ಲೇಖನಿಯನ್ನು ಹಿಡಿದ ಕೈ ‘ಎಲ್ಲಿ’ ಎಂದು ತೋರಿಸುತ್ತಿತ್ತು. ‘ಏನು ಮಾಡಬೇಕು’ ಎಂಬುದನ್ನು ಇನ್ನೊಂದು ಕೈ ಗುಂಡಿಗಳನ್ನು ಒತ್ತಿ ಹೇಳುತ್ತಿತ್ತು. ಗೆರೆ ಎಳೆ, ಅಳಿಸು, ಸರಿಸು ಮುಂತಾದವಕ್ಕೆ ಒಂದೊಂದು ಗುಂಡಿ. ಎಂದರೆ ಗಣಕದಲ್ಲಿ ಚಿತ್ರ ಬರೆಯುವ ಕಲೆ ಹುಟ್ಟಿದಾಗಲೇ ತೋರಿಸುವುದು, ಹೇಳುವುದು ಎರಡೂ ಜೊತೆಗಿದ್ದವು.

1966ರಲ್ಲಿ ಐವಾನ್‌ನ ಅಣ್ಣ ವಿಲಿಯಂ (ಬರ್ಟ್) ಸದರ್ಲ್ಯಾಂಡ್ ಅದೇ ಎಂ.ಐ.ಟಿ.ಯಲ್ಲಿ, ಅದೇ ಟಿಎಕ್ಸ್-2 ಗಣಕದ ಮೇಲೆ ಇನ್ನೊಂದು ಹೆಜ್ಜೆ ಇಟ್ಟ. ಪರದೆಯ ಮೇಲೆ ಬರೆದ ಚಿತ್ರವೇ ಕ್ರಮವಿಧಿಯಾಗಿ ನಡೆಯುವಂತೆ ಮಾಡಿದ. ಬ್ಲಾಕ್‌ಗೆ ಬೇಕಾದ ಎಲ್ಲ ಮೌಲ್ಯಗಳು ಗೆರೆಗಳ ಮೂಲಕ ಬಂದು ಸೇರಿದಾಗ ಆ ಬ್ಲಾಕ್ ಕೆಲಸ ಮಾಡುತ್ತದೆ, ಫಲಿತಾಂಶ ಮುಂದಿನ ಬ್ಲಾಕ್‌ಗೆ ಹರಿಯುತ್ತದೆ. ಕಾಲುವೆಯ ನೀರು ಹೊಲದಿಂದ ಹೊಲಕ್ಕೆ ಹರಿಯುವುದನ್ನು ನೋಡಿದವರಿಗೆ ಈ ‘ದತ್ತ ಪ್ರವಾಹ’ ಸುಲಭವಾಗಿ ಅರ್ಥವಾಗುತ್ತದೆ.

ಅದೇ ದಶಕದ ಕೊನೆಗೆ ರ‍್ಯಾಂಡ್ ಸಂಸ್ಥೆಯವರು ‘ಗ್ರೇಲ್’ ಎಂಬ ವ್ಯವಸ್ಥೆ ಕಟ್ಟಿದರು. ಫಲಕದ ಮೇಲೆ ಲೇಖನಿಯಿಂದ ಒರಟಾಗಿ ಚೌಕ ಬರೆದರೆ ಗಣಕ ಅದನ್ನು ನೀಟಾದ ಚೌಕವಾಗಿ ತಿದ್ದುತ್ತಿತ್ತು. ಆ ಚೌಕದೊಳಗೆ ಕೈಬರಹದಲ್ಲಿ ಅಕ್ಷರ ಬರೆದರೆ ಅದನ್ನೂ ಗುರುತಿಸುತ್ತಿತ್ತು. ಚಿತ್ರ ಬರೆಯಲೆಂದೇ ಹುಟ್ಟಿದ ವ್ಯವಸ್ಥೆಗೂ ಅಕ್ಷರದ ಅಗತ್ಯ ತಪ್ಪಲಿಲ್ಲ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ನಡೆಸಿದ ಪ್ರಾತ್ಯಕ್ಷಿಕೆ ಮೌಸ್‌ನ ಮೊದಲ ಸಾರ್ವಜನಿಕ ಪ್ರದರ್ಶನವೆಂದು ಪ್ರಸಿದ್ಧ. ಅಂದು ಅವರ ಬಲಗೈಯಲ್ಲಿ ಮೌಸ್ ಇತ್ತು. ಎಡಗೈಯ ಕೆಳಗೆ ಐದೇ ಕೀಲಿಗಳ ಒಂದು ಪುಟ್ಟ ಮಣೆ ಇತ್ತು ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಹಾರ್ಮೋನಿಯಂ ನುಡಿಸುವಾಗ ಹಲವು ಮನೆಗಳನ್ನು ಒಟ್ಟಿಗೆ ಒತ್ತುವಂತೆ ಅದರ ಕೀಲಿಗಳನ್ನು ಬೇರೆ ಬೇರೆ ಜೋಡಣೆಗಳಲ್ಲಿ ಒತ್ತಬೇಕು. ಐದು ಕೀಲಿಗಳಿಂದ 2ರ 5ನೇ ಘಾತದಲ್ಲಿ 1ನ್ನು ಕಳೆದರೆ 31 ಜೋಡಣೆಗಳು. ಇಂಗ್ಲಿಷಿನ 26 ಅಕ್ಷರಗಳಿಗೆ ಸಾಕಾಗಿ ಇನ್ನೂ ಉಳಿಯುತ್ತವೆ. ಮೌಸ್‌ನಿಂದ ಕೈ ತೆಗೆಯದೆಯೇ ಆಜ್ಞೆಯನ್ನು ಅಕ್ಷರದಲ್ಲಿ ಕೊಡಬಹುದಿತ್ತು. ಆದರೆ ಈ ಮಣೆಯನ್ನು ಕಲಿಯಲು ಅಭ್ಯಾಸ ಬೇಕು, ಮೌಸ್‌ಗೆ ಬೇಡ. ಮೌಸ್ ಉಳಿಯಿತು, ಕೀಲಿಮಣೆಯ ಆ ಪುಟ್ಟ ಸಂಗಾತಿ ಬಳಕೆಯಿಂದ ಮರೆಯಾಯಿತು.

ಒಂದೇ ಕೈಯ ಆಳ್ವಿಕೆ

1984ರ ಜನವರಿಯಲ್ಲಿ ಆ್ಯಪಲ್ ಕಂಪನಿಯ ಮೆಕಿಂಟಾಷ್ ಗಣಕ ಬಂತು. ಅದರ ಮೊದಲ ಕೀಲಿಮಣೆಯಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಬಳಕೆದಾರರು ಮೌಸ್‌ನ್ನೇ ಬಳಸಲಿ ಎಂಬುದು ಅದನ್ನು ರೂಪಿಸಿದವರ ಇರಾದೆಯಾಗಿತ್ತು. 1986ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಲ್ಯಾಬ್‌ವ್ಯೂ ತಂತ್ರಾಂಶವನ್ನು ಹೊರತಂದದ್ದು ಇದೇ ಮೆಕಿಂಟಾಷ್‌ಗಾಗಿ. ಅದರ ರೂವಾರಿಗಳಲ್ಲಿ ಪ್ರಮುಖರು ಜೆಫ್ ಕೊಡೋಸ್ಕಿ. ಅಳತೆಯ ಉಪಕರಣಗಳೊಡನೆ ದಿನವೂ ಏಗುವ ಎಂಜಿನಿಯರುಗಳು, ಭೌತವಿಜ್ಞಾನಿಗಳು ವಿದ್ಯುನ್ಮಂಡಲದ ನಕ್ಷೆ ಬರೆದಂತೆಯೇ ಕ್ರಮವಿಧಿ ಬರೆಯಲಿ ಎಂಬುದು ಇದರ ಉದ್ದೇಶ. 1992ರಲ್ಲಿ ವಿಂಡೋಸ್ ಗಣಕಗಳಿಗೂ ಅದು ದೊರೆಯಿತು. ನಮ್ಮ ದೇಶದ ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೆ ಅದು ಕಾಲಿಟ್ಟಿದ್ದು ಈ ರೂಪದಲ್ಲೇ.

ಬ್ಲಾಕ್‌ಗಳನ್ನು ಆರಿಸಿಕೊಳ್ಳಲು ಪ್ಯಾಲೆಟ್ ಎಂಬ ಚಿತ್ರಗಳ ತಟ್ಟೆ ಇರುತ್ತದೆ. ಮೊದಲು ಬ್ಲಾಕ್‌ಗಳು ಕಡಿಮೆ ಇದ್ದವು, ಒಂದು ತಟ್ಟೆ ಸಾಕಾಗುತ್ತಿತ್ತು. ಆವೃತ್ತಿಯಿಂದ ಆವೃತ್ತಿಗೆ ಅವು ನೂರಾರು ಆದವು. ತಟ್ಟೆಯೊಳಗೆ ತಟ್ಟೆ, ಅದರೊಳಗೆ ಇನ್ನೊಂದು ತಟ್ಟೆ ಬಂದವು. ಯಾವ ಬ್ಲಾಕ್ ಯಾವ ತಟ್ಟೆಯಲ್ಲಿದೆ ಎಂಬುದನ್ನು ನೆನಪಿಡುವುದೇ ಒಂದು ಪಾಠವಾಯಿತು.

ತಿದ್ದುವಿಕೆಯಲ್ಲೂ ಇದೇ ಕಷ್ಟ. ಅಕ್ಷರದಲ್ಲಿ ಬರೆಯುವವರಿಗೆ 1970ರ ದಶಕದಲ್ಲೇ ವಿಐ, ಈಮ್ಯಾಕ್ಸ್ ಎಂಬ ಸಂಪಾದಕ ತಂತ್ರಾಂಶಗಳು ದೊರೆತಿದ್ದವು. ಒಂದು ಪದವನ್ನು ನೂರು ಕಡೆ ಬದಲಿಸಲು ಒಂದು ಸಾಲಿನ ಆಜ್ಞೆ ಸಾಕಿತ್ತು. ಚಿತ್ರರೂಪಿ ಕ್ರಮವಿಧಿಯಲ್ಲಿ ಒಂದು ಬ್ಲಾಕ್ ಬದಲಿಸಲು ಹಳೆಯದನ್ನು ಅಳಿಸಬೇಕು, ತುಂಡಾದ ತಂತಿಗಳನ್ನು ತೆಗೆಯಬೇಕು, ಹೊಸದನ್ನು ಹುಡುಕಿ ತಂದಿಡಬೇಕು, ತಂತಿಗಳನ್ನು ಮತ್ತೆ ಎಳೆಯಬೇಕು. ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ‘ಅನ್‌ಡೂ’ ಸೌಲಭ್ಯ ಲ್ಯಾಬ್‌ವ್ಯೂಗೆ ಬಂದದ್ದು 1998ರ ಐದನೇ ಆವೃತ್ತಿಯಲ್ಲಿ, ಎಂದರೆ ಹುಟ್ಟಿದ ಹನ್ನೆರಡು ವರ್ಷಗಳ ಮೇಲೆ!

ಹೆಸರು ಹಿಡಿದು ಕರೆಯುವುದು

ಬೇರೊಂದು ದಾರಿಯನ್ನು ಸಂಗೀತಗಾರರ ತಂತ್ರಾಂಶಗಳು ಮೊದಲೇ ಹಿಡಿದಿದ್ದವು. 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಂ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ‘ಮ್ಯಾಕ್ಸ್’ ಎಂಬ ಚಿತ್ರರೂಪಿ ತಂತ್ರಾಂಶ ರಚಿಸಿದರು. 1990ರ ದಶಕದಲ್ಲಿ ‘ಪ್ಯೂರ್ ಡೇಟಾ’ ಎಂಬ ಅದರ ಮುಕ್ತ ತಮ್ಮನನ್ನು ಹೊರತಂದರು. ಪ್ಯೂರ್ ಡೇಟಾದಲ್ಲಿ ಕಂಟ್ರೋಲ್ ಮತ್ತು 1ರ ಕೀಲಿಗಳನ್ನು ಒತ್ತಿದರೆ ಒಂದು ಖಾಲಿ ಚೌಕ ಬರುತ್ತದೆ. ಅದರೊಳಗೆ ಬ್ಲಾಕ್‌ನ ಹೆಸರನ್ನು ನೀವೇ ಬರೆಯಬೇಕು. ಬರೆದೊಡನೆ ಅದು ಆ ಬ್ಲಾಕ್ ಆಗುತ್ತದೆ. ಇಲ್ಲಿ ಹೆಸರೇ ಚೌಕದ ಗುರುತು.

ಲ್ಯಾಬ್‌ವ್ಯೂ ಈ ದಾರಿಗೆ ಬಂದದ್ದು 2008ರಲ್ಲಿ, 8.6ನೇ ಆವೃತ್ತಿಯಲ್ಲಿ. ‘ಕ್ವಿಕ್ ಡ್ರಾಪ್’ ಎಂಬ ಹೊಸ ಸೌಲಭ್ಯ ಅದರಲ್ಲಿ ಸೇರಿತು. ಕಂಟ್ರೋಲ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಣ್ಣ ಪೆಟ್ಟಿಗೆಯೊಂದು ತೆರೆಯುತ್ತದೆ. ಹೆಸರಿನ ಕೆಲವು ಅಕ್ಷರ ಟೈಪು ಮಾಡಿದಂತೆ ಹೊಂದುವ ಬ್ಲಾಕ್‌ಗಳ ಪಟ್ಟಿ ಕಿರಿದಾಗುತ್ತ ಬರುತ್ತದೆ. ಆರಿಸಿ, ಬೇಕಾದ ಜಾಗದಲ್ಲಿ ಇಟ್ಟರೆ ಆಯಿತು. ಮುಂದೆ ಈ ಪೆಟ್ಟಿಗೆ ತಿದ್ದುವಿಕೆಗೂ ಬಳಕೆಗೆ ಬಂತು. ಆಯ್ದ ಬ್ಲಾಕನ್ನು ಬೇರೊಂದರಿಂದ ಬದಲಿಸುವುದು, ತಂತಿಯ ನಡುವೆ ಹೊಸ ಬ್ಲಾಕ್ ಸೇರಿಸುವುದು, ಬ್ಲಾಕನ್ನು ತೆಗೆದು ಎರಡು ಬದಿಯ ತಂತಿಗಳನ್ನು ತಾನಾಗಿ ಕೂಡಿಸುವುದು – ಎಲ್ಲವೂ ಒಂದೆರಡು ಕೀಲಿಗಳ ಕೆಲಸವಾದವು.

ಇದು ಒಂದೇ ತಂತ್ರಾಂಶದ ಕಥೆಯಲ್ಲ. ವಾಸ್ತುಶಿಲ್ಪಿಗಳು ಬಳಸುವ ಗ್ರಾಸ್‌ಹಾಪರ್‌ನಲ್ಲಿ ಪರದೆಯ ಖಾಲಿ ಜಾಗದಲ್ಲಿ ಎರಡು ಬಾರಿ ಕ್ಲಿಕ್ಕಿಸಿ ಹೆಸರು ಟೈಪು ಮಾಡಬಹುದು. ನಿಯಂತ್ರಣ ವ್ಯವಸ್ಥೆಗಳನ್ನು ರೂಪಿಸುವವರ ಸಿಮ್ಯುಲಿಂಕ್‌ನಲ್ಲೂ ಇಂಥದೇ ಏರ್ಪಾಡು ಬಂದಿದೆ. ಆ್ಯನಿಮೇಷನ್ ಮಾಡುವವರ ಬ್ಲೆಂಡರ್‌ನಲ್ಲಿಯೂ ಇದೆ. ಬೇರೆ ಬೇರೆ ಕ್ಷೇತ್ರಗಳವರು ಒಂದೇ ಪರಿಹಾರಕ್ಕೆ ಬಂದರೆ, ಅದರ ಹಿಂದೆ ಏನೋ ಒಂದು ನಿಯಮ ಇರಲೇಬೇಕು.

ಲೆಕ್ಕ ಏನು ಹೇಳುತ್ತದೆ?

ನಿಯಮವನ್ನು ಅಂಕಿಗಳಲ್ಲಿ ನೋಡೋಣ. 1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಆಲನ್ ನ್ಯೂವೆಲ್ ಎಂಬ ವಿಜ್ಞಾನಿಗಳು ಗಣಕದ ಮುಂದೆ ಕುಳಿತ ಮನುಷ್ಯನ ಕೆಲಸಕ್ಕೆ ತಗಲುವ ಕಾಲವನ್ನು ಅಂದಾಜಿಸುವ ಸರಳ ಮಾದರಿಯೊಂದನ್ನು ಪ್ರಕಟಿಸಿದರು. ಅವರು ಕೊಟ್ಟ ಸರಾಸರಿ ಬೆಲೆಗಳು ಹೀಗಿವೆ: ಮೌಸ್‌ನಿಂದ ಪರದೆಯ ಒಂದು ಜಾಗಕ್ಕೆ ಗುರಿಯಿಡಲು 1.1 ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸ್‌ಗೆ ಒಯ್ಯಲು 0.4 ಸೆಕೆಂಡು, ಮುಂದೇನು ಎಂದು ಮನಸ್ಸಿನಲ್ಲಿ ಸಿದ್ಧವಾಗಲು 1.35 ಸೆಕೆಂಡು, ನುರಿತ ಟೈಪಿಸ್ಟ್ ಒಂದು ಕೀಲಿ ಒತ್ತಲು 0.2 ಸೆಕೆಂಡು. ಮೌಸ್ ಗುಂಡಿಯ ಒಂದು ಒತ್ತಿಗೂ 0.2 ಎಂದೇ ಇಟ್ಟುಕೊಳ್ಳೋಣ.

ಮೊದಲು ಪ್ಯಾಲೆಟ್ ದಾರಿ. ಕೈ ಮೌಸ್‌ಗೆ ಹೋಗಬೇಕು. ತಟ್ಟೆ, ಒಳತಟ್ಟೆ, ಅದರ ಒಳತಟ್ಟೆ, ಬ್ಲಾಕ್, ಕೊನೆಗೆ ಇಡುವ ಜಾಗ – ಹೀಗೆ ಐದು ಬಾರಿ ಗುರಿಯಿಟ್ಟು ಐದು ಬಾರಿ ಒತ್ತಬೇಕು. ಒಟ್ಟು 0.4 + 1.35 + 5.5 + 1.0 = 8.25 ಸೆಕೆಂಡು. ಬ್ಲಾಕ್ ಎಲ್ಲಿದೆ ಎಂಬುದು ಮೊದಲೇ ಗೊತ್ತಿದ್ದವರ ಲೆಕ್ಕ ಇದು. ಗೊತ್ತಿಲ್ಲದವರು ಅರಸುವ ಕಾಲ ಇದರಲ್ಲಿ ಸೇರಿಲ್ಲ.

ಈಗ ಹೆಸರಿನ ದಾರಿ. ಪೆಟ್ಟಿಗೆ ತೆರೆಯಲು ಎರಡು ಕೀಲಿ, ಹೆಸರಿಗೆ ಐದು, ಎಂಟರ್ ಒಂದು. ಒಟ್ಟು ಎಂಟು ಕೀಲಿಗಳಿಗೆ 1.6 ಸೆಕೆಂಡು. ಮನಸ್ಸಿನ ಸಿದ್ಧತೆ 1.35. ನಂತರ ಕೈ ಮೌಸ್‌ಗೆ 0.4, ಗುರಿ 1.1, ಒತ್ತು 0.2. ಒಟ್ಟು 4.65 ಸೆಕೆಂಡು. ಹೆಚ್ಚುಕಡಿಮೆ ಅರ್ಧ ಕಾಲ ಉಳಿತಾಯ. ದಿನಕ್ಕೆ ನೂರಾರು ಬ್ಲಾಕ್ ಇಡುವವರು ಕೀಲಿಮಣೆಗೆ ಮರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದೇ ಮಾದರಿಯಲ್ಲಿ ಇನ್ನೊಂದು ಬೆಲೆಯೂ ಇದೆ. ಕೀಲಿಮಣೆಯ ಪರಿಚಯವೇ ಇಲ್ಲದವರಿಗೆ ಒಂದು ಕೀಲಿಗೆ 1.2 ಸೆಕೆಂಡು ಬೇಕು. ಆಗ ಎಂಟು ಕೀಲಿಗಳಿಗೇ 9.6 ಸೆಕೆಂಡಾಗಿ, ಒಟ್ಟು ಕಾಲ 12.65 ಸೆಕೆಂಡಿಗೆ ಏರುತ್ತದೆ. ಎರಡು ದಾರಿಗಳೂ ಸಮನಾಗುವ ಬೆಲೆಯನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಬಹುದು: 8ಕ + 3.05 = 8.25; ಆದ್ದರಿಂದ ಕ = 0.65 ಸೆಕೆಂಡು. ಒಂದು ಕೀಲಿಗೆ ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವವರಿಗೆ ಹೆಸರಿನ ದಾರಿ ಲಾಭವಲ್ಲ, ನಷ್ಟ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಹೆಸರು ಗೊತ್ತಿರಬೇಕು, ಅದನ್ನು ಒತ್ತುವ ಕೈ ಪಳಗಿರಬೇಕು. ಪ್ಯಾಲೆಟ್ ನಿಧಾನವಾದರೂ ಏನೇನಿದೆ ಎಂದು ತೋರಿಸಿ ಕಲಿಸುತ್ತದೆ. ಆದ್ದರಿಂದ ಕಲಿಯುವವರಿಗೆ ಅದು ಬೇಡವೆನ್ನುವಂತಿಲ್ಲ.

ಮಕ್ಕಳ ಬ್ಲಾಕ್‌ಗಳು, ಕನ್ನಡದ ಬ್ಲಾಕ್‌ಗಳು

ಶಾಲೆಯ ಮಕ್ಕಳಿಗೆ ಈ ವಿಧಾನವನ್ನು ಪರಿಚಯಿಸಿದ ಸ್ಕ್ರ್ಯಾಚ್ ತಂತ್ರಾಂಶವನ್ನು ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು 2007ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಅದರಲ್ಲಿ ಬ್ಲಾಕ್‌ಗಳನ್ನು ಬಣ್ಣದಿಂದ ಗುರುತಿಸಿ, ಮೌಸ್‌ನಿಂದ ಎಳೆದು ತಂದು ಸಿಕ್ಕಿಸಬೇಕು. ಮೊಬೈಲ್ ಫೋನಿಗೆ ಆ್ಯಪ್ ರಚಿಸುವ ಆ್ಯಪ್ ಇನ್ವೆಂಟರ್‌ನಲ್ಲಿ ಖಾಲಿ ಜಾಗದಲ್ಲಿ ಟೈಪು ಮಾಡಲು ತೊಡಗಿದರೆ ಹೊಂದುವ ಬ್ಲಾಕ್‌ಗಳ ಪಟ್ಟಿ ತಾನಾಗಿ ಮೂಡುತ್ತದೆ.

ನಮಗೆ ಹೆಚ್ಚು ಮುಖ್ಯವಾದದ್ದು ಸ್ನ್ಯಾಪ್. ಸ್ಕ್ರ್ಯಾಚ್‌ನಿಂದ ಸ್ಫೂರ್ತಿ ಪಡೆದು ಯೆನ್ಸ್ ಮೋನಿಗ್ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರಯನ್ ಹಾರ್ವಿ ಬೆಳೆಸಿದ ಈ ತಂತ್ರಾಂಶ ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಇದರಲ್ಲಿ ಕಂಟ್ರೋಲ್ ಮತ್ತು ‘ಎಫ್’ ಒತ್ತಿ ಬ್ಲಾಕನ್ನು ಹೆಸರಿನಿಂದ ಹುಡುಕಬಹುದು. ಇಡೀ ಕ್ರಮವಿಧಿಯನ್ನೇ ಕೀಲಿಮಣೆಯಿಂದ ಕಟ್ಟುವ ಏರ್ಪಾಡೂ ಇದೆ. ಬಾಣದ ಕೀಲಿಗಳಿಂದ ಬ್ಲಾಕ್‌ಗಳ ನಡುವೆ ಸಂಚರಿಸಬಹುದು. ಗಣಿತದ ಒಂದು ಸೂತ್ರವನ್ನು ಆವರಣ ಚಿಹ್ನೆಗಳ ಸಹಿತ ಟೈಪು ಮಾಡಿದರೆ ತಂತ್ರಾಂಶ ಅದನ್ನು ಒಂದರೊಳಗೊಂದು ಸೇರಿದ ಬ್ಲಾಕ್‌ಗಳ ಚಿತ್ರವಾಗಿ ಮಾರ್ಪಡಿಸುತ್ತದೆ.

ಸ್ನ್ಯಾಪ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಆರಿಸಿದರೆ ಬ್ಲಾಕ್‌ಗಳ ಮೇಲೆ ಕನ್ನಡ ಪದಗಳು ಕಾಣುತ್ತವೆ. ಅನುವಾದ ಆಗದಿರುವ ಕಡೆ ಇಂಗ್ಲಿಷ್ ಪದವೇ ಉಳಿಯುತ್ತದೆ. ಬ್ಲಾಕ್‌ನ ಮೇಲಿನ ಪದ ಕನ್ನಡದ್ದಾದರೆ ಹುಡುಕುವ ಪದವೂ ಕನ್ನಡದ್ದೇ ಆಗಬೇಕಾಗುತ್ತದೆ. ಆಗ ಚಿತ್ರರೂಪಿ ಕ್ರಮವಿಧಿಯ ಇತಿಹಾಸ ಕನ್ನಡ ಕೀಲಿಮಣೆಯ ಇತಿಹಾಸವನ್ನು ಕೂಡಿಕೊಳ್ಳುತ್ತದೆ.

ಧ್ವನಿಯನ್ನು ಒತ್ತಿ, ಚಿತ್ರವನ್ನು ಯಂತ್ರ ಬರೆಯಲಿ

ಕನ್ನಡದ ಒಂದು ಒತ್ತಕ್ಷರವನ್ನು ಗಮನಿಸಿ. ‘ಸ್ತ್ರೀ’ ಎಂಬಲ್ಲಿ ಸ, ತ, ರ ಎಂಬ ಮೂರು ವ್ಯಂಜನಗಳು, ಈ ಎಂಬ ಒಂದು ಸ್ವರ. ಅವು ಸಾಲಾಗಿ ನಿಂತಿಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ ಹರಡಿಕೊಂಡು ಒಂದು ಚಿತ್ರವಾಗಿವೆ. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಈ ಚಿತ್ರದ ತುಂಡುಗಳನ್ನು ಒಂದೊಂದಾಗಿ ಹೊಡೆದು ಜೋಡಿಸಬೇಕಿತ್ತು. ತಲೆಕಟ್ಟು, ಕೊಂಬು, ಒತ್ತು ಇವೆಲ್ಲ ಬೇರೆ ಬೇರೆ ಕೀಲಿಗಳು. ಚಿತ್ರರೂಪಿ ತಂತ್ರಾಂಶದಲ್ಲಿ ಬ್ಲಾಕ್‌ಗಳನ್ನು ಎಳೆದು ಎಳೆದು ಸಿಕ್ಕಿಸಿದಂತೆಯೇ ಇದು.

ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ದುಡಿದವರು. 1980ರ ದಶಕದಲ್ಲಿ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರಲ್ಲಿ ಒತ್ತಬೇಕಾದದ್ದು ಆಕಾರವನ್ನಲ್ಲ, ಧ್ವನಿಯನ್ನು. ವ್ಯಂಜನದ ಕೀಲಿ ಒತ್ತಿ ಸ್ವರದ ಕೀಲಿ ಒತ್ತಿದರೆ ಸ್ವರ ತಾನಾಗಿ ಗುಣಿತಾಕ್ಷರದ ಚಿಹ್ನೆಯಾಗುತ್ತದೆ. ಎರಡು ವ್ಯಂಜನಗಳ ನಡುವೆ ಜೋಡಣೆಯ ಕೀಲಿ (‘ಎಫ್’) ಒತ್ತಿದರೆ ಒತ್ತಕ್ಷರ ಬರುತ್ತದೆ. ಎಲ್ಲಿ ಯಾವ ಆಕಾರ ಬರೆಯಬೇಕೆಂಬ ಲೆಕ್ಕ ಗಣಕದ್ದು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳೇ, ಶಿಫ್ಟ್ ಕೀಲಿಯ ನೆರವಿನಿಂದ, ಇಡೀ ಕನ್ನಡ ವರ್ಣಮಾಲೆಗೆ ಸಾಕಾದವು. ಈ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಈ ಶತಮಾನದ ಆರಂಭದ ಹೊತ್ತಿಗೆ ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ, ಶಾಲೆಗಳಿಗೆ ತಲುಪಿತು.

‘ಕ್ವಿಕ್ ಡ್ರಾಪ್’ 2008ರಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಕೈ ಹೆಸರನ್ನು ಕೊಡುತ್ತದೆ, ಚಿತ್ರವನ್ನು ಯಂತ್ರ ತಂದಿಡುತ್ತದೆ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಎರಡು ಆಯಾಮಗಳ ಚಿತ್ರವನ್ನು ಒಂದು ಸಾಲಿನ ಕೀಲಿಗಳಿಂದ ಕಟ್ಟುವ ಸಮಸ್ಯೆಯನ್ನು ನಮ್ಮ ಲಿಪಿ ನಮ್ಮ ತಂತ್ರಜ್ಞರಿಗೆ ಬಹಳ ಮುಂಚೆಯೇ ಒಡ್ಡಿತ್ತು, ಅವರು ಅದನ್ನು ಬಿಡಿಸಿಯೂ ಇದ್ದರು.

ಬೇರೆ ವಿನ್ಯಾಸಗಳೂ ಬಳಕೆಯಲ್ಲಿವೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್ 1991ರ ಭಾರತೀಯ ಮಾನಕದಲ್ಲಿ ಸೇರಿತು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಟೈಪು ಮಾಡುವುದನ್ನು ಜನಪ್ರಿಯಗೊಳಿಸಿತು. ‘ಮನೋಳಿ’ ಎಂದು ಬರೆಯಲು ಕೆ.ಪಿ. ರಾವ್ ವಿನ್ಯಾಸದಲ್ಲಿ ಎಂ, ಎನ್, ಶಿಫ್ಟ್-ಓ, ಶಿಫ್ಟ್-ಎಲ್, ಐ ಎಂದು ಐದು ಅಕ್ಷರಗಳು. ಇನ್‌ಸ್ಕ್ರಿಪ್ಟ್‌ನಲ್ಲೂ ಐದೇ, ಕೀಲಿಗಳ ಸ್ಥಾನ ಮಾತ್ರ ಬೇರೆ. ಬರಹದ ಕ್ರಮದಲ್ಲಿ ‘ಮ’ಕಾರದ ಅಕಾರವನ್ನೂ ಒತ್ತಬೇಕಾದ್ದರಿಂದ ಆರು.

ಕಾಣುವುದು ಒಂದೇ, ಒಳಗಿನದು ಬೇರೆ

ಟೈಪು ಮಾಡಿದ ಮಾತ್ರಕ್ಕೆ ಹುಡುಕಾಟ ಫಲಿಸುವುದಿಲ್ಲ. ಮೊದಮೊದಲು ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತ ಸಂಖ್ಯೆಗಳಲ್ಲೇ ಕನ್ನಡ ಅಕ್ಷರಭಾಗಗಳನ್ನು ಕೂಡಿಸಿಟ್ಟಿದ್ದವು. ಕಡತದಲ್ಲಿ ಇರುತ್ತಿದ್ದುದು ಆಕಾರದ ತುಂಡುಗಳು, ಅಕ್ಷರವಲ್ಲ. ಒಂದು ತಂತ್ರಾಂಶದ ಬರಹ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಅಂಥ ಬರಹದಲ್ಲಿ ಸಾಮಾನ್ಯ ತಂತ್ರಾಂಶಗಳಿಂದ ಪದ ಹುಡುಕುವುದು ಆಗದ ಮಾತಾಗಿತ್ತು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾದವು. 2001ರ ವಿಂಡೋಸ್ ಎಕ್ಸ್‌ಪಿ ತನ್ನೊಡನೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತಂದಿತು. ಇದರ ಪ್ರಕಾರ ‘ಮನೋಳಿ’ ಎಂದರೆ 3246, 3240, 3275, 3251, 3263 ಎಂಬ ಐದು ಸಂಖ್ಯೆಗಳ ಸಾಲು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ‘ನೋ’ದಲ್ಲಿರುವ ಓತ್ವವನ್ನು 3275 ಎಂಬ ಒಂದೇ ಸಂಖ್ಯೆಯಿಂದ ಸೂಚಿಸಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಸಿ 3270, 3266, 3285 ಎಂಬ ಮೂರು ಸಂಖ್ಯೆಗಳಿಂದಲೂ ಸೂಚಿಸಬಹುದು. ಎರಡನೆಯ ಕ್ರಮದಲ್ಲಿ ‘ಮನೋಳಿ’ ಏಳು ಸಂಖ್ಯೆಗಳ ಸಾಲಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಆದರೆ ಗಣಕ ಹೋಲಿಸುವುದು ಸಂಖ್ಯೆಗಳನ್ನು. ಕಣ್ಣಿಗೆ ಕಾಣುವ ರೂಪವನ್ನಲ್ಲ. ಆದ್ದರಿಂದ ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ಯೂನಿಕೋಡ್ ಸ್ಪಷ್ಟ ನಿಯಮ ಕೊಟ್ಟಿದೆ. ತಂತ್ರಾಂಶ ಬರೆದವರು ಈ ನಿಯಮವನ್ನು ಅಳವಡಿಸದಿದ್ದರೆ, ಕಣ್ಣೆದುರಿಗೇ ಇರುವ ಬ್ಲಾಕ್ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಮಗು ತಾನೇ ತಪ್ಪು ಮಾಡಿದೆನೆಂದು ತಿಳಿಯುತ್ತದೆ.

ಇನ್ನೊಂದು ತೊಡಕು ಮನೋಳಿ-ಮುನವಳ್ಳಿಯದು. ಒಂದು ಬ್ಲಾಕ್‌ನ ಮೇಲೆ ‘ಪುನರಾವರ್ತಿಸು’ ಎಂದಿದ್ದರೆ, ‘ಮತ್ತೆ ಮಾಡು’ ಎಂದು ಹುಡುಕುವ ಮಗುವಿಗೆ ಅದು ಸಿಗದು. ‘ನಿರೀಕ್ಷಿಸು’ ಎಂದಿದ್ದರೆ ‘ಕಾಯು’ ಎನ್ನುವವರಿಗೆ ಸಿಗದು. ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಒಂದೊಂದು ಬ್ಲಾಕ್‌ಗೂ ಬಳಕೆಯ ಪರ್ಯಾಯ ಹೆಸರುಗಳ ಪಟ್ಟಿ ಸಾಕು. ಆ ಪಟ್ಟಿಯನ್ನು ಸಿದ್ಧಪಡಿಸಲು ಮಕ್ಕಳ ಮಾತನ್ನು ದಿನವೂ ಕೇಳುವ ಶಿಕ್ಷಕರಿಗಿಂತ ಸಮರ್ಥರು ಬೇರೆ ಯಾರು?

ಇದು ಕೇವಲ ವೇಗದ ವಿಷಯವಲ್ಲ. ಕೈ ನಡುಗುವವರಿಗೆ ಮೌಸ್‌ನಿಂದ ಎಳೆಯುವುದು ಕಷ್ಟ. ದೃಷ್ಟಿ ಇಲ್ಲದವರಿಗೆ ಸಾಧ್ಯವೇ ಇಲ್ಲ. ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂಥ ಉಚಿತ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ. ಆದರೆ ಅವು ಓದುವುದು ಹೆಸರನ್ನು, ಚಿತ್ರವನ್ನಲ್ಲ. ಅನೇಕ ಬ್ಲಾಕ್ ತಂತ್ರಾಂಶಗಳಿಗೆ ತಳಹದಿಯಾದ, ಗೂಗಲ್ 2012ರಲ್ಲಿ ಹೊರತಂದ ‘ಬ್ಲಾಕ್ಲಿ’ಯಲ್ಲಿ ಕೀಲಿಮಣೆಯಿಂದಲೇ ಸಂಚರಿಸುವ ಸೌಲಭ್ಯವನ್ನು ಇತ್ತೀಚಿನ ವರ್ಷಗಳಲ್ಲಿ ಬೆಳೆಸಿದ್ದಾರೆ. ನುರಿತ ಎಂಜಿನಿಯರಿಗೆ ನಾಲ್ಕು ಸೆಕೆಂಡು ಉಳಿಸುವ ಏರ್ಪಾಡು ಇನ್ನೊಬ್ಬ ವಿದ್ಯಾರ್ಥಿಗೆ ಕ್ರಮವಿಧಿಯೊಳಗೆ ಪ್ರವೇಶಿಸಲು ಇರುವ ಏಕೈಕ ಬಾಗಿಲಾಗಬಹುದು.

ತರಗತಿಗೆ ಒಂದು ಪ್ರಯೋಗ

ಕೊನೆಗೆ, ಯಾವ ಶಾಲೆಯಲ್ಲೂ ಮಾಡಬಹುದಾದ ಒಂದು ಅಳತೆ. ಎರಡು, ನಾಲ್ಕು, ಆರು, ಎಂಟು, ಹತ್ತು ಕೀಲಿಗಳು ಬೇಕಾಗುವ ಕನ್ನಡ ಪದಗಳನ್ನು ಆರಿಸಿ (ಶಿಫ್ಟನ್ನೂ ಒಂದು ಕೀಲಿಯಾಗಿ ಎಣಿಸಿ). ಪದವನ್ನು ತೋರಿಸಿದ ಕ್ಷಣದಿಂದ ಟೈಪು ಮುಗಿಯುವವರೆಗಿನ ಕಾಲವನ್ನು ಸ್ಟಾಪ್‌ವಾಚಿನಿಂದ ಅಳೆಯಿರಿ. ಪ್ರತಿಯೊಂದನ್ನೂ ಐದು ಬಾರಿ ಅಳೆದು ಸರಾಸರಿ ತೆಗೆಯಿರಿ. ಕೀಲಿಗಳ ಸಂಖ್ಯೆಯನ್ನು ಅಡ್ಡ ಅಕ್ಷದಲ್ಲಿ, ಕಾಲವನ್ನು ಲಂಬ ಅಕ್ಷದಲ್ಲಿ ಇಟ್ಟು ನಕ್ಷೆ ಬರೆಯಿರಿ. ಸುಮಾರಾಗಿ ಸರಳರೇಖೆ ಬರುತ್ತದೆ. ಅದರ ಇಳಿಜಾರು ಒಂದು ಕೀಲಿಗೆ ಬೇಕಾಗುವ ಕಾಲ. ಲಂಬ ಅಕ್ಷವನ್ನು ಅದು ಛೇದಿಸುವ ಎತ್ತರ ಮನಸ್ಸಿನ ಸಿದ್ಧತೆಯ ಕಾಲ. ಇಳಿಜಾರು 0.65 ಸೆಕೆಂಡಿಗಿಂತ ಹೆಚ್ಚೋ ಕಡಿಮೆಯೋ ನೋಡಿ. ತಿಂಗಳ ಕಾಲ ದಿನಕ್ಕೆ ಹತ್ತು ನಿಮಿಷ ಕನ್ನಡ ಟೈಪಿಂಗ್ ಅಭ್ಯಾಸ ಮಾಡಿಸಿ ಮತ್ತೆ ಅಳೆಯಿರಿ.

ಆ ವಿದ್ಯಾರ್ಥಿ ಕೇಳಿದ ಪ್ರಶ್ನೆಯ ಉಳಿದ ಅರ್ಧಕ್ಕೆ ಉತ್ತರ ಈ ಎರಡನೆಯ ಅಳತೆಯಲ್ಲಿದೆ. ಹೆಸರು ಗೊತ್ತಿಲ್ಲದವರು ಮಾಡಬೇಕಾದದ್ದು ಸ್ವಲ್ಪ. ಅವರಿಗೆ ಗೊತ್ತಿರುವ ಹೆಸರನ್ನೇ ಬ್ಲಾಕ್‌ನ ಮೇಲೆ ಬರೆಯಬೇಕಾದವರು, ಅದನ್ನು ಒತ್ತಲು ಕಲಿಸಬೇಕಾದವರು ನಾವು.